ಮರೆಲ್ಲಿಕಟ್ಟೆಗೆ ಆ ಹೆಸರೇಕೆ

ಬಸ್ಸಿನ ಬೋರ್ಡಿನಲ್ಲಿ ಮರಳ್ಳಿಕಟ್ಟೆ ಎಂದು ಬರೆದಿರುವುದು ತಪ್ಪು. ಇಲ್ಲಿ ಮರಳೂ ಇಲ್ಲ, ಆ ಹೆಸರಿನ ಹಳ್ಳಿಯೂ ಇಲ್ಲ. ಇರುವುದು ಒಂದು ಸಣ್ಣ ಕೆರೆ, ಅದರ ಏರಿಯುದ್ದಕ್ಕೂ ಬಾಳೆ. ಊರಿನವರ ಬಾಯಲ್ಲಿ ಇದು ಮರೆಲ್ಲಿಕಟ್ಟೆ. ಹಿಂದೆ ಒಮ್ಮೆ ಈ ಸೀಮೆಯ ಪಾಳೇಗಾರನು ಏರಿ ಕುಸಿಯದಿರಲೆಂದು, ಅಲ್ಲಿ ಮರ ಕಡಿದವರು ಊರು ಬಿಡತಕ್ಕದ್ದು ಎಂದು ಕಲ್ಲಿನಲ್ಲಿ ಕೆತ್ತಿಸಿ ಕಟ್ಟಪ್ಪಣೆ ಮಾಡಿದ್ದನಂತೆ. ಏರಿಯ ಬುಡದಲ್ಲಿ ಗುಡಿಸಲು ಹಾಕಿಕೊಂಡಿದ್ದ ದ್ಯಾವಮ್ಮ ಎಂಬ ವಿಧವೆ, ಗೊನೆ ಇಳಿಸಿದ ಒಂದು ಬಾಳೆಯನ್ನು ಕಡಿದು ಉರುಳಿಸಿದಳು. ಬಾಳೆ ತನ್ನ ಆಯುಸ್ಸಿನಲ್ಲಿ ಗೊನೆ ಕೊಡುವುದು ಒಂದೇ ಸಲ. ಬಿತ್ತುವುದಕ್ಕೆ ಬೀಜವನ್ನಂತೂ ಕೊಡುವುದೇ ಇಲ್ಲ. ತಾಯಿ ಬಾಳೆಯನ್ನು ಕಡಿದರೆ ತಾನೇ ಪಕ್ಕದ ಮರಿಕಂದು ಮೇಲೇಳುವುದು? ತಳವಾರ ಬೊಮ್ಮಲಿಂಗನಿಗೆ ಇದೆಲ್ಲ ಬೇಕಿರಲಿಲ್ಲ. ಅವಳನ್ನು ತಂದು ಪಾಳೇಗಾರನ ಮುಂದೆ ನಿಲ್ಲಿಸಿಯೇಬಿಟ್ಟ.

"ಅದು ಮರ ಅಲ್ಲ ಬುದ್ಧಿ, ಗಿಡ" ಎಂದಳು ದ್ಯಾವಮ್ಮ.

"ನನಗಿಂತ ಎತ್ತರ ಐತೆ, ಗಿಡವಂತೆ" ಎಂದ ತಳವಾರ.

"ನಿನಗಿಂತ ಎತ್ತರ ಇರೋದೆಲ್ಲ ಮರ ಆದ್ರೆ, ನಿನ್ನ ಹೆಂಡ್ತೀನೂ ಮರವೇ."

ಜನ ನಕ್ಕರು. ಪಾಳೇಗಾರ ನಗಲಿಲ್ಲ. ಈ ಊರು ಬಿಟ್ಟರೆ ಹೋಗುವುದಕ್ಕೆ ಇನ್ನೊಂದು ಊರು ದ್ಯಾವಮ್ಮನಿಗಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಮರ ಅಂದ್ಮೇಲೆ ಒಂದು ಗೂಟನಾದ್ರೂ ಆಗಬೇಕಲ್ಲ ಬುದ್ಧಿ. ಮಾಡಿಸಿ ನಿಮ್ಮ ಎತ್ತು ಕಟ್ಟಿ. ಗೂಟ ನಿಂತರೆ ನಾನೇ ಗಂಟುಮೂಟೆ ಕಟ್ಟಿ ಊರು ಬಿಡ್ತೀನಿ."

ಬಡಗಿಯನ್ನು ಕರೆಸಿದರು. ಅವನು ಆ ಬಾಳೆಯ ಒಂದು ಪಟ್ಟೆ ಸುಲಿದ, ಒಳಗೆ ಇನ್ನೊಂದು ಪಟ್ಟೆ. ಅದನ್ನೂ ಸುಲಿದ, ಮತ್ತೊಂದು. "ಎಲ್ಲ ಎಲೆಯ ಬುಡಾನೇ ಸ್ವಾಮಿ, ಒಂದರೊಳಗೊಂದು ಸುತ್ಕೊಂಡು ಮರದ ವೇಷ ಹಾಕೈತೆ" ಎಂದು ಗೊಣಗಿದ. ಕೊನೆಗೆ ತೋಳು ದಪ್ಪದ ಬಿಳಿ ದಿಂಡು ಸಿಕ್ಕಿತು. ತಳವಾರನ ಮುಖ ಅರಳಿತು, ದ್ಯಾವಮ್ಮನದು ಬಾಡಿತು. ಆ ದಿಂಡನ್ನೇ ಚೂಪು ಮಾಡಿ, ಗುಣಿ ತೋಡಿ ನೆಟ್ಟು, ಪಾಳೇಗಾರನ ಮುದ್ದಿನ ಎತ್ತನ್ನು ಅದಕ್ಕೆ ಕಟ್ಟಿ ಎಲ್ಲರೂ ಊಟಕ್ಕೆ ಎದ್ದರು. ಬಂದು ನೋಡಿದರೆ, ಎತ್ತು ಗೂಟವನ್ನು ಬುಡದವರೆಗೂ ಮೇದು, ಹಗ್ಗ ಎಳೆದುಕೊಂಡು ನೀರು ಕುಡಿಯಲು ಕೆರೆಗೆ ಇಳಿದಿತ್ತು. ಪಾಳೇಗಾರ ನಿಧಾನವಾಗಿ ತಿರುಗಿ, "ಮರ ಎಲ್ಲಿ ತಳವಾರ?" ಎಂದು ಕೇಳಿದ. ಆ ಮಾತೇ ಕಟ್ಟೆಗೆ ಅಂಟಿಕೊಂಡಿತು ಎನ್ನುತ್ತಾರೆ.

ಮನೆಗೆ ಹೋಗೆಂದರೂ ದ್ಯಾವಮ್ಮ ಕದಲಲಿಲ್ಲ. "ನಿಮ್ಮ ಅಪ್ಪಣೆ ಕಲ್ಲಲ್ಲೈತೆ, ನನ್ನ ನ್ಯಾಯ ಎತ್ತಿನ ಹೊಟ್ಟೇಲೈತೆ. ನಾಳೆ ಇನ್ನೊಬ್ಬ ತಳವಾರ ಬಂದ್ರೆ ಏನ ತೋರಿಸಲಿ?" ಎಂದಳು.

ಅಪ್ಪಣೆಯ ಆ ಕಲ್ಲು ಇವತ್ತಿಗೂ ಏರಿಯ ಮೇಲಿದೆ. ಮರ ಕಡಿದವರು ಊರು ಬಿಡತಕ್ಕದ್ದು ಎಂಬುದು ನಿಂತೇ ಓದುವಂಥ ದಪ್ಪ ಅಕ್ಷರದಲ್ಲಿದೆ. ಅದರ ಕೆಳಗೆ, ಜಾಗ ಸಾಲದೆ, ನೆಲಕ್ಕೆ ತಾಗುವ ಹಾಗೆ ಸಣ್ಣದಾಗಿ 'ಬಾಳೆ ಹೊರತು' ಎಂದು ಕೆತ್ತಿದೆ. ನೋಡಲು ಬಂದವರು ಎಂಥ ಸಾಹೇಬರಾದರೂ ಸರಿ, ಆ ಎರಡು ಪದ ಓದಬೇಕೆಂದರೆ ಮಂಡಿಯೂರಲೇಬೇಕು.