ದೇವದಾರು ಹೊಗೆಯ ತೀರ್ಪು

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ಹಿಮದ ಬೆಟ್ಟದ ಬುಡದಲ್ಲಿ ಬೆಳ್ಗಿರಿ ಅಂತ ಒಂದು ರಾಜ್ಯ ಇತ್ತು. ಮಲ್ಲರಸ ಅಲ್ಲಿಯ ರಾಜ. ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ.

ಆ ಊರ ಗುಡಿಯಲ್ಲಿ ದಿನಾ ದೇವದಾರು ಚಕ್ಕೆಯ ಧೂಪ ಹಾಕುತ್ತಿದ್ದರು. ಬೊಮ್ಮಕ್ಕ ಅನ್ನುವ ಹೆಂಗಸು ಬೆಟ್ಟದ ಮೇಲಿನ ತನ್ನ ತೋಪಿನಿಂದ ಚಕ್ಕೆ ಸೀಳಿ ಹೊತ್ತು ತರುತ್ತಿದ್ದಳು.

ಗುಡಿಯ ಯಜಮಾನಿಕೆ ರಾಜಗುರು ಭೃಂಗನಾಥನದು. ಅರಮನೆಯಲ್ಲಿ ಏನಾದರೂ ಕಳವಾದರೆ ಅವನೇ ತೀರ್ಪುಗಾರ. ತಾನು ಪೀಠದ ಮೇಲೆ ಕೂರುತ್ತಿದ್ದ, ಎದುರಿಗೆ ಗುಮಾನಿ ಇದ್ದವರನ್ನು ಕೂರಿಸುತ್ತಿದ್ದ, ನಡುವೆ ಧೂಪ. ಗಂಟೆ ಬಾರಿಸಿ, "ಹೊಗೆ ಯಾರ ಕಡೆ ಹೋಗುತ್ತದೋ ಅವರೇ ಕಳ್ಳರು" ಎನ್ನುತ್ತಿದ್ದ. ಕಳ್ಳರಿಗೆ ಗಡೀಪಾರು, ಅವರ ಆಸ್ತಿ ಗುಡಿಗೆ.

ಮೊದಲು ಬೆಳ್ಳಿ ದೀಪ ಕಳುವಾಯಿತು. ಹೊಗೆ ಗಾಣದ ಸೋಮಯ್ಯನ ಮುಖಕ್ಕೆ ಹೋಯಿತು. ಅವನ ಗಾಣ ಹೋಯಿತು.

ಆಮೇಲೆ ಶಂಖ ಕಳುವಾಯಿತು. ಹೊಗೆ ಕುರಿ ಕಾಯುವ ಈರವ್ವನ ಮುಖಕ್ಕೆ ಹೋಯಿತು. ಅವಳ ಕುರಿಮಂದೆ ಹೋಯಿತು. ಗಡಿ ದಾಟುವಾಗ ಅವಳು ಬೊಮ್ಮಕ್ಕನ ಕೈ ಹಿಡಿದು, "ನಾನು ಕದ್ದಿಲ್ಲ ಕಣಕ್ಕಾ" ಎಂದು ಅತ್ತಳು.

ಮೂರನೇ ಸಲ ರಾಣಿಯ ಕಾಲ್ಗೆಜ್ಜೆ ಕಳುವಾಯಿತು. ಈ ಸಲ ಕರೆ ಬಂದದ್ದು ಬೊಮ್ಮಕ್ಕನಿಗೇ. ಗುರುವಿನ ಕಣ್ಣು ಅವಳ ತೋಪಿನ ಮೇಲೆ ಬಿದ್ದಿತ್ತು.

ಬೊಮ್ಮಕ್ಕ ಹೊಗೆಯಲ್ಲೇ ಬೆಳೆದವಳು. ಹೊಗೆಗೆ ಗಾಳಿ ಬಿಟ್ಟರೆ ಬೇರೆ ಒಡೆಯ ಇಲ್ಲ ಅಂತ ಅವಳಿಗೆ ಗೊತ್ತು. ಮೊದಲು ಗುಡಿಯನ್ನು ಹೊರಗಿನಿಂದ ಒಂದು ಸುತ್ತು ಹಾಕಿದಳು. ಪೀಠದ ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ, ಅದಕ್ಕೊಂದು ಸಣ್ಣ ಬಾಗಿಲು. ಒಳಗೆ ಬಂದು ರಾಜನ ಮುಂದೆ ನಿಂತಳು.

"ದೊರೆಗಳೇ, ಇವತ್ತು ಗುರುಗಳು ನನ್ನ ಜಾಗದಲ್ಲಿ ಕೂರಲಿ. ನಾನು ಅವರ ಕಡೆ ಕೂರುತ್ತೇನೆ" ಎಂದಳು.

"ಸೌದೆ ಹೊರುವವಳು ಪೀಠ ಹತ್ತುವುದೇ?" ಎಂದು ಗುರು ಸಿಡುಕಿದ.

"ಪೀಠ ಬೇಡ ಸ್ವಾಮಿ, ನೆಲವೇ ಸಾಕು. ಜಾಗ ಬದಲಾದರೆ ದೇವರಿಗೆ ಕಳ್ಳರು ಕಾಣುವುದಿಲ್ಲವೇ?"

ರಾಜ ನಕ್ಕ. "ಅವಳು ಹೇಳೋದು ಸರಿ. ಏಳಿ ಗುರುಗಳೇ."

ಗುರು ಎದ್ದು ಹೋಗಿ ಎದುರಿಗೆ ಕೂತ. ಗಂಟೆ ಮುಟ್ಟಲು ಅವನಿಗೆ ಕೈ ಬರಲಿಲ್ಲ. ಕಾದು ಕಾದು ರಾಜನೇ ಗಂಟೆ ಬಾರಿಸಿದ. ಧೂಪದ ಹೊಗೆ ಎದ್ದಿತು, ಬಾಗಿತು, ನೆಟ್ಟಗೆ ಭೃಂಗನಾಥನ ಮೂಗಿಗೇ ನುಗ್ಗಿತು. ಗುರು ಕೆಮ್ಮಿ ಕೆಮ್ಮಿ ಸುಸ್ತಾದ. ಗುರುವೇ ಕಳ್ಳ ಅಂತ ಸಿಟ್ಟಿಗೆದ್ದು ರಾಜ ಕತ್ತಿ ಹಿರಿದ.

"ತಡೀರಿ ದೊರೆಗಳೇ" ಎಂದಳು ಬೊಮ್ಮಕ್ಕ. "ಹೊಗೆ ನಂಬಿ ಈರವ್ವನನ್ನು ಓಡಿಸಿದ್ದು ತಪ್ಪು. ಹೊಗೆ ನಂಬಿ ಇವರ ತಲೆ ತೆಗೆಯುವುದೂ ತಪ್ಪೇ. ಸಾಕ್ಷಿ ಇಲ್ಲಿದೆ, ನೋಡಿ."

ಪೀಠದ ಹಿಂದೆ ಇಳಿಬಿಟ್ಟಿದ್ದ ತೆಳು ಪರದೆ ಎಳೆದಳು. ಕಿಂಡಿ ತೆರೆದಿತ್ತು, ಬೆಟ್ಟದ ಗಾಳಿ ಒಳಗೆ ಬೀಸುತ್ತಿತ್ತು. ಅದರ ಬಾಗಿಲು ಹಿಡಿದುಕೊಂಡು ಹೊರಗೆ ಗುರುವಿನ ಶಿಷ್ಯ ನಿಂತಿದ್ದ. ಗಂಟೆ ಕೇಳಿದರೆ ಬಾಗಿಲು ತೆಗೆಯುವುದೇ ಅವನ ಕೆಲಸ. ಸಿಕ್ಕಿಬಿದ್ದವನು ಎಲ್ಲ ಬಾಯಿಬಿಟ್ಟ. ದೀಪ, ಶಂಖ, ಗೆಜ್ಜೆ ಮೂರೂ ಗುರುವಿನ ಮಂಚದ ಕೆಳಗೆ ಸಿಕ್ಕವು.

ಭೃಂಗನಾಥ ಉಟ್ಟ ಬಟ್ಟೆಯಲ್ಲೇ ರಾಜ್ಯ ಬಿಟ್ಟ. ಸೋಮಯ್ಯ, ಈರವ್ವ ತಮಟೆ ಸದ್ದಿನ ನಡುವೆ ಊರಿಗೆ ಮರಳಿದರು. ರಾಜ ಅವರ ಮುಂದೆ ತಲೆಬಾಗಿ, "ತಪ್ಪು ನನ್ನದು" ಎಂದ. ಬೊಮ್ಮಕ್ಕನನ್ನು ಆನೆಯ ಮೇಲೆ ಕೂರಿಸಿ ಊರೆಲ್ಲ ಮೆರೆಸಿದರು.

ನೀತಿ ಇಷ್ಟೇ ಮಕ್ಕಳೇ: ದೇವರ ಹೆಸರು ಹೇಳಿದ ಮಾತ್ರಕ್ಕೆ ಸುಳ್ಳು ಸತ್ಯವಾಗುವುದಿಲ್ಲ. ಸಾಕ್ಷಿ ನೋಡದೆ ಯಾರನ್ನೂ ಕಳ್ಳರು ಅನ್ನಬೇಡಿ.