ಕಿವಿಯ ಹಿಂದಿನ ಅರಿಶಿನ

ಮುದಿನಾಯಿ ಕೆಂಚನ ಪಕ್ಕೆಯಲ್ಲೊಂದು ಗಂಟು ಎದ್ದಿತು. ಒಡತಿ ಚನ್ನಾಜಮ್ಮ ದಿನವೂ ಅದಕ್ಕೆ ಅರಿಶಿನ ಹಚ್ಚಿ, "ಈ ಅಮಾವಾಸ್ಯೆ ಕಳೆಯಲಿ, ಡಾಕ್ಟರಿಗೆ ತೋರಿಸೋಣ" ಎನ್ನುತ್ತಿದ್ದಳು. ಅಮಾವಾಸ್ಯೆಗಳು ಕಳೆಯುತ್ತಲೇ ಇದ್ದವು.

ಅವನನ್ನು ಹೊರಗೆ ಕರೆದೊಯ್ಯುವಾಗ ಕಟ್ಟುವ ಸರಪಳಿ ಮೂಲೆಯಲ್ಲಿ ಬಿದ್ದಿತ್ತು; ಅದು ಕೇಳಿತು: "ಇಷ್ಟು ಆರೈಕೆ ಸಿಗುತ್ತಿದೆ, ಇನ್ನೇಕೆ ಕೊರಗುತ್ತೀಯ?"

"ಆರೈಕೆಯೆಲ್ಲ ಗಂಟಿಗೆ. ಆ ಕೈ ನನ್ನ ಕಿವಿಯ ಹಿಂದೆ ಕೆರೆದು ಎಷ್ಟು ಕಾಲವಾಯಿತು! ಈ ಗಂಟು ಏನೆಂದು ತಿಳಿಯುವ ತನಕ ಅವಳ ಕಣ್ಣಿಗೆ ನಾನು ಬೀಳುವುದಿಲ್ಲ."

"ಕೆಟ್ಟದ್ದೇ ಎಂದು ತಿಳಿದರೆ?"

"ಉಳಿದ ದಿನಗಳಾದರೂ ನನಗೆ ಸಿಗುತ್ತವೆ" ಎಂದ ಕೆಂಚ, ಸರಪಳಿಯನ್ನು ಕಚ್ಚಿಕೊಂಡು ಹೋಗಿ ಚನ್ನಾಜಮ್ಮನ ಮಡಿಲಲ್ಲಿಟ್ಟ.

ಅವಳು ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಅರಿಶಿನದ ಕೈಯಿಂದಲೇ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ನಡಿಯೋ ಮಗನೇ, ಹೋಗೋಣ" ಎಂದಳು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೆಂಚನ ಕಿವಿಯ ಹಿಂದೆಲ್ಲ ಅರಿಶಿನ ಮೆತ್ತಿತ್ತು.