ಬಸವಂತರಾಯರ ಬೆಸುಗೆ

ಕಾಲುವೆಯಾಚೆಯ ಶಾಲೆಗೆ ಸೇತುವೆ ಕಟ್ಟುತ್ತಿದ್ದರು. ಬೆಸುಗೆ ಹಾಕಿದ ಕಂಬಿಗಳಲ್ಲಿ ಕೆಲವನ್ನು ಕತ್ತರಿಸಿ, ಪ್ರಯೋಗಾಲಯದ ಯಂತ್ರದಲ್ಲಿ ಎಳೆದು ನೋಡಿದ ಮೇಲೆಯೇ ಕಾಂಕ್ರೀಟ್ ಹಾಕಬೇಕೆಂಬುದು ನಿಯಮ. ಗುತ್ತಿಗೆದಾರ ಬಸವಂತರಾಯರು ಒಪ್ಪಲಿಲ್ಲ.

"ನನ್ನ ಬೆಸುಗಿಗೆ ಪರೀಕ್ಷೆ ಏನ್ ಹಚ್ಚೀರಿ? ನಾಳೆ ಕಾಂಕ್ರೀಟ್ ಸುರೀರಿ!" ಎಂದು ಎಂಜಿನಿಯರ್ ಸುನಂದಾಳನ್ನು ಗದರಿದರು.

ಕ್ರೇನ್ ಚಾಲಕ ಲಾಲಸಾಬ ಕೇಳಿಸಿಕೊಂಡ. ಅವನ ಮಗಳೂ ಅದೇ ಶಾಲೆಗೆ ಹೋಗುವವಳು. ಎದುರಾಡಿದರೆ ಕೆಲಸ ಹೋಗುತ್ತದೆ. ಸುಮ್ಮನಿರಲು ಮನಸ್ಸು ಬರಲಿಲ್ಲ.

ಹೊರಟ ರಾಯರ ಹೊಸ ಕಾರು ದಂಡೆಯ ಕೆಸರಿನಲ್ಲಿ ಹೂತುಕೊಂಡಿತು. "ಎತ್ತೋ ಲಾಲಸಾಬ!" ಎಂದರು. ಅವನು ಸೇತುವೆಯ ಬೆಸುಗೆ ಕಂಬಿಯೊಂದನ್ನು ತಂದು ಕ್ರೇನಿನ ಕೊಕ್ಕೆಗೆ ಬಿಗಿಯತೊಡಗಿದ.

"ಅದ್ಯಾಕ? ಸರಪಳಿ ಹಾಕು!"

"ನಿಮ್ಮ ಬೆಸುಗೆ ಐತಲ್ರಿ ಸಾಹೇಬ್ರ. ಸರಪಳಿಗಿಂತ ಗಟ್ಟಿ."

"ಹುಚ್ಚ! ನಡುವ ಮುರದು ಕಾರು ಕಾಲುವಿಗೆ ಬಿದ್ರ?"

ಲಾಲಸಾಬ ಕೈ ಮುಗಿದ. "ಹಂಗಾದ್ರ ಮೊದಲು ಪರೀಕ್ಷೆ ಮಾಡಿಸೋಣೇನ್ರಿ?"

ರಾಯರು ಕೊಕ್ಕೆಯ ಕಂಬಿಯನ್ನೂ ಕಾರನ್ನೂ ನೋಡಿದರು. ಸುತ್ತ ನಿಂತವರು ಯಾರೂ ನಗಲಿಲ್ಲ. ರಾಯರು ಸುನಂದಾಳ ಕಡೆ ತಿರುಗಿ, "ಕತ್ತರಿಸ್ರಿ, ಕಳಸ್ರಿ," ಎಂದರು.

ಪ್ರಯೋಗಾಲಯದಲ್ಲಿ ಎಳೆದಾಗ ಕಂಬಿಗಳು ಬೆಸುಗೆಯಲ್ಲೇ ತುಂಡಾದವು. ಎಲ್ಲವನ್ನೂ ಮತ್ತೆ ಬೆಸೆಯುವಾಗ ರಾಯರು ಬಿಸಿಲಲ್ಲಿ ತಾವೇ ನಿಂತು ನೋಡಿದರು. ಲಾಲಸಾಬನನ್ನು ಕೆಲಸದಿಂದ ತೆಗೆಯಲಿಲ್ಲ.